ಪರೀಕ್ಷೆ ಮುಗಿಯೋ ತನಕ ಚಪಾತಿ ಬಿಡಬೇಡಿ: ಮನೆಯಲ್ಲೊಬ್ಬರಿಗೆ ಸೀಲಿಯಾಕ್ ಬಂದಾಗ ಮಾಡಬೇಕಾದ್ದು

ನಿಮಗೋ ನಿಮ್ಮ ಮಗುವಿಗೋ ಸೀಲಿಯಾಕ್, ಅಂದರೆ ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ, ಇರಬಹುದು ಅಂತ ಅನುಮಾನ ಬಂದಿದ್ದರೆ, ಇವತ್ತು ರಾತ್ರಿಯ ಚಪಾತಿಯನ್ನು ಎಂದಿನ ಹಾಗೇ ತಿನ್ನಿ. ತಮಾಷೆಗೆ ಹೇಳುತ್ತಿಲ್ಲ. ಗೋಧಿ ನಿಲ್ಲಿಸಿ ಆಮೇಲೆ ರಕ್ತ ಕೊಟ್ಟರೆ, ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೇ ಹೋಗಬಹುದು. ಆಗ ಮತ್ತೆ ಆರೆಂಟು ವಾರ ದಿನಾ ಗೋಧಿ ತಿಂದು, ಹೊಟ್ಟೆ ಕೆಡಿಸಿಕೊಂಡು, ಮೊದಲಿನಿಂದ ಶುರು ಮಾಡಬೇಕು. ನಮ್ಮ ಮನೆಯಲ್ಲಿ ಹಾಗೇ ಆಯಿತು.

ನಾವು ಹಾಸನದವರು. ಮಗಳಿಗೆ ಒಂಬತ್ತು ವರ್ಷಕ್ಕೆ ಟೈಪ್ 1 ಶುಗರ್ ಬಂತು. ನೆಂಟರೆಲ್ಲ ಸೇರಿ ಅನ್ನ ಕಮ್ಮಿ ಮಾಡಿ, ಚಪಾತಿ ಕೊಡಿ ಅಂದರು. ಕೊಟ್ಟೆವು. ಬೆಳಿಗ್ಗೆ ಗೋಧಿ ರವೆ ಉಪ್ಪಿಟ್ಟು, ಸ್ಕೂಲ್ ಡಬ್ಬಿಗೆ ಚಪಾತಿ, ರಾತ್ರಿ ಮತ್ತೆ ಚಪಾತಿ. ಎರಡು ವರ್ಷದಲ್ಲಿ ಹುಡುಗಿ 3 ಸೆಂಟಿಮೀಟರೂ ಬೆಳೆಯಲಿಲ್ಲ. ಬಾಯಲ್ಲಿ ಪದೇ ಪದೇ ಹುಣ್ಣು, ಸಂಜೆಯಾದರೆ ಹೊಟ್ಟೆ ಉಬ್ಬರ. ಅಳೆದು ಇನ್ಸುಲಿನ್ ಹಾಕಿದರೂ ಊಟ ಆದ ಮೇಲೆ ಶುಗರ್ ದಿಢೀರ್ ಅಂತ ಇಳಿಯುತ್ತಿತ್ತು. ಶುಗರ್ ಡಾಕ್ಟರು ಸೀಲಿಯಾಕ್ ಇದೆಯಾ ನೋಡೋಕೆ ಟಿಟಿಜಿ ಅನ್ನೋ ರಕ್ತ ಪರೀಕ್ಷೆ ಬರೆದರು. ಜಾಸ್ತಿ ಬಂತು.

ಬಾಯಿಯಿಂದ ಕೊಳವೆ ಇಳಿಸಿ ಕರುಳು ನೋಡುವ ಎಂಡೋಸ್ಕೋಪಿಗೆ ದಿನ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ನಮ್ಮತ್ತೆ, "ಗೊತ್ತಿದ್ದೂ ಗೊತ್ತಿದ್ದೂ ಮಗೀಗೆ ಅದನ್ನೇ ಹಾಕ್ತೀಯೇನಮ್ಮ?" ಅಂತ ಗೋಧಿ ಹಿಟ್ಟಿನ ಡಬ್ಬಿಯನ್ನೇ ಎತ್ತಿ ಅಟ್ಟಕ್ಕೆ ಹಾಕಿದರು. ಅವರ ಸಂಕಟ ನನ್ನದೂ ಆಗಿತ್ತು, ನಾನೂ ಸುಮ್ಮನಾದೆ. ಮಗಳು ಗೆಲುವಾದಳು. ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ತುಣುಕಿನ ವರದಿ, ಅಂದರೆ ಬಯಾಪ್ಸಿ, ಮಾತ್ರ ಹೌದೂ ಅಲ್ಲ, ಇಲ್ಲವೂ ಅಲ್ಲ ಅನ್ನೋ ಹಾಗೆ ಬಂತು. ಗ್ಯಾಸ್ಟ್ರೋ ಡಾಕ್ಟರು ಅದನ್ನು ಓದಿ ಕೇಳಿದ ಮೊದಲ ಪ್ರಶ್ನೆ, "ಗೋಧಿ ಯಾವಾಗ ಬಿಟ್ಟಿರಿ?" ಬಿಡಬಾರದು ಅಂತ ಅಲ್ಲಿಯವರೆಗೆ ನಮಗೆ ಒಬ್ಬರೂ ಹೇಳಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಾಯಿಲೆ ಏನು ಅಂತ ಎರಡು ಮಾತು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇದೆ. ಚಪಾತಿ ಹಿಟ್ಟು ನಾದಿದಾಗ ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಆ ಜಿಗುಟು ಅದರದ್ದೇ. ಸೀಲಿಯಾಕ್ ಇರುವವರ ಮೈ ಈ ಗ್ಲುಟೆನ್ ನೋಡಿ ತನ್ನ ಸಣ್ಣ ಕರುಳನ್ನೇ ಹೊಡೆಯುತ್ತದೆ. ಕರುಳಿನ ಒಳಗೋಡೆ ಸಸಿಮಡಿಯಲ್ಲಿ ಪೈರು ಒತ್ತಾಗಿ ನಿಂತ ಹಾಗೆ ಇರುತ್ತದೆ, ಸಾರ ಹೀರುವುದು ಆ ಎಳೆಗಳೇ. ಗ್ಲುಟೆನ್ ಬಿದ್ದು ಬಿದ್ದು ಅದು ದನ ನುಗ್ಗಿ ಮೇಯ್ದ ಮಡಿಯ ಹಾಗೆ ಬೋಳಾಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ: ಬರೀ ರಕ್ತಹೀನತೆ, ಮೂಳೆ ಸವೆತ, ಕುಳ್ಳಗೆ ಉಳಿಯೋದು, ತಡವಾಗಿ ಮೈನೆರೆಯೋದು, ಪದೇ ಪದೇ ಗರ್ಭಪಾತ, ಕಾರಣ ಗೊತ್ತಾಗದ ಲಿವರ್ ಏರುಪೇರು. ಇದು ಅಲರ್ಜಿ ಅಲ್ಲ. ಗೋಧಿ ಅಲರ್ಜಿ ಬೇರೆ ಕಾಯಿಲೆ, ಅದರ ಪರೀಕ್ಷೆಯೂ ಬೇರೆ.

"ಅದು ಉತ್ತರದವರ ಕಾಯಿಲೆ, ನಾವು ಮುದ್ದೆ ತಿನ್ನೋರು" ಅಂತ ನನಗೆ ಕನಿಷ್ಠ ಹತ್ತು ಜನ ಹೇಳಿದ್ದಾರೆ. ಅರ್ಧ ನಿಜ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಮೂರು ದಿಕ್ಕಿನ 23,331 ವಯಸ್ಕರನ್ನು ನೋಡಿದ್ದರು. ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಸಿಕ್ಕಿದ್ದು ಉತ್ತರದಲ್ಲಿ 100ಕ್ಕೆ 1.23 ಮಂದಿಗೆ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಾತ್ರ. ಆದರೆ ಈ ಕಾಯಿಲೆಗೆ ಬೇಕಾದ ಜೀನ್ ಎಷ್ಟು ಜನರಲ್ಲಿತ್ತು ಗೊತ್ತಾ? ಉತ್ತರದಲ್ಲಿ 100ಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಅಂದರೆ ದಿನಕ್ಕೊಂದು ಸಣ್ಣ ಚಪಾತಿಯೂ ಇಲ್ಲ. ನಮ್ಮ ಅಜ್ಜಿ ಕಾಲದ ಹಾಸನ ಜಿಲ್ಲೆಗೆ ಇದು ಸರಿಯಾಗಿ ಹೊಂದುತ್ತದೆ, ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ, ಹಬ್ಬಕ್ಕೆ ಹೋಳಿಗೆ. ಈಗ ಬಿಪಿ, ಶುಗರ್, ತೂಕ ಅಂತ ಮನೆಮನೆಯಲ್ಲೂ ರಾತ್ರಿ ಚಪಾತಿ ಬಂದಿದೆ. ಜೀನ್ ಅದೇ, ಊಟ ಬೇರೆ.

ಈ ಜೀನ್ ವಿಷಯದಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳೋದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. 6ನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಅನ್ನೋ ಜೀನ್‌ಗಳ ಗುಂಪಿದೆ. ಹೊರಗಿನಿಂದ ಬಂದ ತುಣುಕುಗಳನ್ನು ಎತ್ತಿ ಹಿಡಿದು ಮೈಯ ಕಾವಲುಗಾರರಿಗೆ ತೋರಿಸುವ ಕೈಗಳನ್ನು ತಯಾರಿಸೋದು ಇವು. ಡಿಕ್ಯೂ2, ಡಿಕ್ಯೂ8 ಅಂತ ಎರಡು ಬಗೆಯ ಕೈಗಳಿಗೆ ಗ್ಲುಟೆನ್ ತುಣುಕು ಗಟ್ಟಿಯಾಗಿ ಸಿಗುತ್ತದೆ. ಅದೂ ಹಾಗೇ ಅಲ್ಲ, ಕರುಳಿನಲ್ಲಿರುವ ಟಿಟಿಜಿ ಎಂಬ ಕಿಣ್ವ ಆ ತುಣುಕನ್ನು ಒಂಚೂರು ಬದಲಿಸಿ, ಇನ್ನೂ ಚೆನ್ನಾಗಿ ಅಂಟುವ ಹಾಗೆ ಮಾಡಿಕೊಡುತ್ತದೆ. ಕಾವಲುಗಾರರು ಅದನ್ನು ಕಳ್ಳ ಅಂದುಕೊಂಡು ಹೊಡೆಯೋಕೆ ಶುರು ಮಾಡುತ್ತಾರೆ, ಕಳ್ಳನ ಜೊತೆ ಸಿಕ್ಕಿದ ಟಿಟಿಜಿ ಮೇಲೂ ಪ್ರತಿಕಾಯ ತಯಾರಾಗುತ್ತದೆ. ಟಿಟಿಜಿ ಪರೀಕ್ಷೆ ಅಂದರೆ ರಕ್ತದಲ್ಲಿ ಆ ಪ್ರತಿಕಾಯವನ್ನು ಅಳೆಯೋದು. ಗೋಧಿ ನಿಲ್ಲಿಸಿದರೆ ಹೊಡೆಯೋಕೆ ಕಳ್ಳನೇ ಇಲ್ಲ, ಪ್ರತಿಕಾಯ ಇಳಿಯುತ್ತದೆ, ಕರುಳು ಚಿಗುರುತ್ತದೆ. ಪರೀಕ್ಷೆ ಸುಳ್ಳು ಹೇಳೋದು ಹೀಗೆ.

ಸೀಲಿಯಾಕ್ ಇರುವವರಲ್ಲಿ 100ಕ್ಕೆ 90 ಅಥವಾ ಅದಕ್ಕೂ ಜಾಸ್ತಿ ಮಂದಿಗೆ ಡಿಕ್ಯೂ2 ಇರುತ್ತದೆ, ಉಳಿದವರಲ್ಲಿ ಹೆಚ್ಚಿನವರಿಗೆ ಡಿಕ್ಯೂ8. ಎರಡೂ ಇಲ್ಲದವರಿಗೆ ಸೀಲಿಯಾಕ್ ಬರೋದು ಅಪರೂಪದಲ್ಲಿ ಅಪರೂಪ. ಆದರೆ ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರಲ್ಲ. ಜೀನ್ ಇರುವ 100 ಜನರಲ್ಲಿ ಕಾಯಿಲೆ ಬರೋದು ಮೂರು ಜನರ ಆಸುಪಾಸು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ನೂರಕ್ಕೆ 75ರಷ್ಟು ಇದ್ದರೂ, ನೂರಕ್ಕೆ ನೂರಲ್ಲ ನೋಡಿ. ಹಾಗಾಗಿ ಜೀನ್ ಟೆಸ್ಟಿನ ಉಪಯೋಗ ಒಂದೇ ಕಡೆಗೆ: "ಇಲ್ಲ" ಅಂತ ಬಂದರೆ ನಿರಾಳ, "ಇದೆ" ಅಂತ ಬಂದರೆ ಏನೂ ತೀರ್ಮಾನ ಆಗಲ್ಲ. ದುಬಾರಿ ಬೇರೆ. ಮೊದಲಿಗೇ ಅದನ್ನು ಮಾಡಿಸಿಕೊಂಡು "ಪಾಸಿಟಿವ್" ಅಂತ ಹೆದರಿ ಕೂತವರನ್ನು ನೋಡಿದ್ದೇನೆ. ಇನ್ನೂ ಪರೀಕ್ಷೆ ಆಗದೆ ಗೋಧಿ ಬಿಟ್ಟಾಗಿದೆ, ಮತ್ತೆ ತಿನ್ನೋಕೆ ಆಗಲ್ಲ ಅನ್ನುವವರಿಗೆ, ರಕ್ತದ ವರದಿ ಮತ್ತು ಬಯಾಪ್ಸಿ ಒಂದಕ್ಕೊಂದು ತಾಳೆ ಆಗದಿದ್ದಾಗ, ಮನೆಯ ಮಕ್ಕಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಸೂಜಿ ಚುಚ್ಚಿಸೋದು ತಪ್ಪಿಸಬೇಕು ಅಂದಾಗ, ಅದು ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಜಗಳ ಶುರುವಾಗೋದೂ ಇಲ್ಲೇ. ಯಾರ ಕಡೆಯಿಂದ ಬಂತು? ನಮ್ಮಲ್ಲೂ ಆಯಿತು, "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ" ಅಂತ ಎರಡೂ ಕಡೆಯವರು ಹೇಳಿದರು. ಮೂವರಲ್ಲಿ ಒಬ್ಬರಿಗೆ ಇರುವ ಜೀನ್ ಅದು, ಎರಡೂ ಕಡೆ ಇರೋದು ತೀರಾ ಸಹಜ. ಎರಡು ಕಡೆಯಿಂದಲೂ ಡಿಕ್ಯೂ2 ಬಂದ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ತಮಾಷೆ ಅಂದರೆ, ಡಿಕ್ಯೂ2 ಕೈಗೆ ಎರಡು ಭಾಗ ಇದೆ. ಒಂದು ಭಾಗದ ಜೀನ್ ಅಪ್ಪನಿಂದ, ಇನ್ನೊಂದರದ್ದು ಅಮ್ಮನಿಂದ ಬಂದು ಮಗುವಿನಲ್ಲಿ ಕೂಡಿಕೊಳ್ಳೋದೂ ಉಂಟು. ಆಗ ಯಾರ ಮೇಲೆ ಹಾಕುತ್ತೀರಿ? ಇದಲ್ಲದೆ ಸಣ್ಣಪುಟ್ಟ ಪಾತ್ರದ ಬೇರೆ ಜೀನ್‌ಗಳು ನಲವತ್ತಕ್ಕೂ ಹೆಚ್ಚಿವೆ.

ಹಾಗಾದರೆ ಯಾರು ಪರೀಕ್ಷೆ ಮಾಡಿಸಬೇಕು? ಕಾಯಿಲೆ ಬಂದವರ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು. ಲಕ್ಷಣ ಇರಲಿ ಬಿಡಲಿ. ಈ ಹತ್ತಿರದ ರಕ್ತಸಂಬಂಧಿಗಳಲ್ಲಿ 10ರಿಂದ 15 ಮಂದಿಗೆ ಒಬ್ಬರಿಗೆ ಕಾಯಿಲೆ ಇರುತ್ತದೆ, ಹಲವರಿಗೆ ಗೊತ್ತೇ ಇರುವುದಿಲ್ಲ. ಚಿಕ್ಕಪ್ಪ, ಸೋದರತ್ತೆ, ಸೋದರಮಾವ ಇವರಿಗೆ ಲಕ್ಷಣ ಇದ್ದರೆ ಅಥವಾ ಮುಂದೆ ಹೇಳುವ ಜೊತೆಗಾರ ಕಾಯಿಲೆ ಏನಾದರೂ ಇದ್ದರೆ ಮಾಡಿಸಿ.

ಲ್ಯಾಬಿನಲ್ಲಿ ಹೀಗೆ ಕೇಳಿ: "ಟಿಟಿಜಿ ಐಜಿಎ ಮಾಡಿ, ಜೊತೆಗೆ ಟೋಟಲ್ ಐಜಿಎ ಕೂಡ ಮಾಡಿ." ಈ ಎರಡನೆಯದನ್ನು ಬಿಡಬೇಡಿ. ಯಾಕೆ ಅಂತ ನನ್ನ ನಾದಿನಿ ಕಥೆ ಹೇಳುತ್ತದೆ. ಅವಳು ಮೂಡಿಗೆರೆ ಕಡೆ, ತೋಟದ ಮನೆ. ಥೈರಾಯ್ಡ್ ಮಾತ್ರೆ ಹತ್ತು ವರ್ಷದಿಂದ, ಕಬ್ಬಿಣದ ಮಾತ್ರೆ ಅದಕ್ಕೂ ಮುಂಚಿನಿಂದ, ಹಿಮೋಗ್ಲೋಬಿನ್ 9 ದಾಟಿದ್ದು ನೆನಪಿಲ್ಲ. "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಅಂತ ಎಲ್ಲರೂ ಬಿಟ್ಟಿದ್ದರು, ಅವಳೂ ಬಿಟ್ಟಿದ್ದಳು. ನನ್ನ ಮಗಳದ್ದು ಗೊತ್ತಾದ ಮೇಲೆ ಅವಳನ್ನೂ ಎಳೆದುಕೊಂಡು ಹೋದೆ. ಟಿಟಿಜಿ ಐಜಿಎ ನಾರ್ಮಲ್ ಬಂತು, ಲ್ಯಾಬಿನವರು "ಏನೂ ಇಲ್ಲಮ್ಮ" ಅಂದರು. ಗ್ಯಾಸ್ಟ್ರೋ ಡಾಕ್ಟರು ಮಾತ್ರ ಟೋಟಲ್ ಐಜಿಎ ಎಲ್ಲಿ ಅಂದರು. ಮಾಡಿಸಿದರೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಐಜಿಎ ಅನ್ನೋ ಪ್ರತಿಕಾಯವನ್ನೇ ಮೈ ತಯಾರಿಸದಿದ್ದರೆ ಅದನ್ನು ಅಳೆಯುವ ಪರೀಕ್ಷೆ ನಾರ್ಮಲ್ ಬರದೆ ಇನ್ನೇನು ಬರುತ್ತದೆ? ಸೀಲಿಯಾಕ್ ಇರುವವರಲ್ಲಿ 100ಕ್ಕೆ ಎರಡು ಮೂರು ಜನರಿಗೆ ಹೀಗಿರುತ್ತದೆ. ಅಂಥವರಿಗೆ ಐಜಿಜಿ ಅನ್ನೋ ಇನ್ನೊಂದು ಬಗೆಯ ಪ್ರತಿಕಾಯ ಅಳೆಯುವ ಪರೀಕ್ಷೆ ಮಾಡಬೇಕು. ಅವಳಿಗೆ ಅದು ಪಾಸಿಟಿವ್, ಬಯಾಪ್ಸಿಯಲ್ಲಿ ಕರುಳು ಪೂರಾ ಬೋಳು.

ರಕ್ತದಲ್ಲಿ ಜಾಸ್ತಿ ಬಂದರೆ ಮುಂದಿನದು ಎಂಡೋಸ್ಕೋಪಿ. ಹೆದರಬೇಡಿ, ಹತ್ತು ಹದಿನೈದು ನಿಮಿಷದ ಕೆಲಸ. ಸಣ್ಣ ಕರುಳಿನ ಶುರುವಿನ ಭಾಗದಿಂದ ಐದಾರು ಚೂರು ತೆಗೆಯಬೇಕು. ಹಾನಿ ಎಲ್ಲ ಕಡೆ ಒಂದೇ ಸಮ ಇರಲ್ಲ, ಒಂದೇ ಚೂರು ತೆಗೆದರೆ ತಪ್ಪಿಹೋಗಬಹುದು. ಎಷ್ಟು ತೆಗೆಯುತ್ತೀರಿ ಅಂತ ಮೊದಲೇ ಕೇಳಿ, ಕೇಳೋದರಲ್ಲಿ ನಾಚಿಕೆ ಏನಿಲ್ಲ. ಮಕ್ಕಳಲ್ಲಿ ಟಿಟಿಜಿ ಮಾಮೂಲಿ ಮಿತಿಗಿಂತ ಹತ್ತು ಪಟ್ಟು ಅಥವಾ ಜಾಸ್ತಿ ಇದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಅನ್ನೋ ಇನ್ನೊಂದು ಪರೀಕ್ಷೆಯೂ ಪಾಸಿಟಿವ್ ಆದರೆ, ಬಯಾಪ್ಸಿ ಇಲ್ಲದೆ ತೀರ್ಮಾನ ಮಾಡಬಹುದು ಅಂತ ಯುರೋಪಿನ ಮಕ್ಕಳ ಗ್ಯಾಸ್ಟ್ರೋ ಡಾಕ್ಟರುಗಳ ಸಂಘ 2020ರ ನಿಯಮದಲ್ಲಿ ಹೇಳಿದೆ. ನನ್ನ ಮಗಳದ್ದು ಅಷ್ಟಿರಲಿಲ್ಲ. ಹಾಗಾಗಿ ಅಟ್ಟದ ಡಬ್ಬಿ ಇಳಿಸಿ, ದಿನಕ್ಕೆರಡು ಚಪಾತಿ ಲೆಕ್ಕದಲ್ಲಿ ಎಂಟು ವಾರ ತಿನ್ನಿಸಿದೆವು. ಹೊಟ್ಟೆ ಹಿಡಿದುಕೊಂಡು ಸ್ಕೂಲಿಗೆ ಹೋಗೋ ಮಗುವನ್ನು ನೋಡಿಕೊಂಡು ಬೆಳಿಗ್ಗೆ ಮತ್ತೆ ಹಿಟ್ಟು ಕಲಸೋದು ಎಂಥ ಹಿಂಸೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ನಮ್ಮತ್ತೆ ಆ ಎಂಟು ವಾರ ಅಡುಗೆಮನೆಗೆ ಕಾಲಿಡಲಿಲ್ಲ. ಈ ಸಲ ಬಯಾಪ್ಸಿ ಸ್ಪಷ್ಟವಾಗಿ ಬಂತು.

ಜೊತೆಗಾರ ಕಾಯಿಲೆಗಳು ಅಂದೆನಲ್ಲ. ಮೈ ತನ್ನನ್ನೇ ಹೊಡೆದುಕೊಳ್ಳುವ ಕಾಯಿಲೆಗಳು ಒಂದರ ಜೊತೆ ಇನ್ನೊಂದು ಬರೋದು ಉಂಟು. ಟೈಪ್ 1 ಶುಗರ್‌ಗೂ ಸೀಲಿಯಾಕ್‌ಗೂ ಅದೇ ಡಿಕ್ಯೂ2, ಡಿಕ್ಯೂ8 ಜೀನ್‌ಗಳೇ ದಾರಿ ಮಾಡಿಕೊಡುತ್ತವೆ. ಟೈಪ್ 1 ಇರುವ 100 ಜನರಲ್ಲಿ ಐದಾರು ಜನರಿಗೆ ಸೀಲಿಯಾಕ್ ಇರುತ್ತದೆ. ಅದಕ್ಕೇ ಟೈಪ್ 1 ಗೊತ್ತಾದ ಕೂಡಲೇ ಒಮ್ಮೆ, ಎರಡು ವರ್ಷದ ಒಳಗೆ ಒಮ್ಮೆ, ಐದು ವರ್ಷದ ಹೊತ್ತಿಗೆ ಇನ್ನೊಮ್ಮೆ ಟಿಟಿಜಿ ಮಾಡಿಸಬೇಕು, ಲಕ್ಷಣ ಇಲ್ಲದಿದ್ದರೂ. ದೊಡ್ಡವರಿಗೆ ಬರುವ ಮಾಮೂಲಿ ಟೈಪ್ 2 ಶುಗರ್‌ಗೆ ಈ ಲೆಕ್ಕ ಅನ್ವಯಿಸಲ್ಲ, ನಿಮ್ಮ ಮಾವನವರನ್ನು ಸುಮ್ನೆ ಎಳೆದಾಡಬೇಡಿ. ಇನ್ನೊಂದು ಥೈರಾಯ್ಡ್, ಅದರಲ್ಲೂ ಮೈಯೇ ಥೈರಾಯ್ಡ್ ಗ್ರಂಥಿಯನ್ನು ಹೊಡೆಯುವ ಹಾಶಿಮೊಟೊ ಬಗೆಯದು. ಮಾತ್ರೆಯ ಡೋಸ್ ಏರಿಸುತ್ತಾ ಹೋದರೂ ಥೈರಾಯ್ಡ್ ರಕ್ತ ಪರೀಕ್ಷೆಯ ಟಿಎಸ್‌ಎಚ್ ಇಳಿಯದಿದ್ದರೆ ಮಾತ್ರೆಯೇ ಕರುಳಿನಲ್ಲಿ ಹೀರಿಕೆ ಆಗುತ್ತಿಲ್ಲವೇನೋ ಅಂತ ಯೋಚಿಸಬೇಕು. ನಾದಿನಿಗೆ ಗೋಧಿ ಬಿಟ್ಟ ಮೇಲೆ ಥೈರಾಯ್ಡ್ ಡೋಸ್ ಇಳಿಸಬೇಕಾಯಿತು.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಮೊಣಕೈ, ಮಂಡಿ, ಪೃಷ್ಠದ ಮೇಲೆ ವಿಪರೀತ ತುರಿಸುವ ಸಣ್ಣ ಗುಳ್ಳೆಗಳು ಎದ್ದರೆ ಅದು ಸೀಲಿಯಾಕ್‌ನ ಚರ್ಮದ ಮುಖವೇ ಇರಬಹುದು, ತುರಿಕಜ್ಜಿ ಮುಲಾಮಿಗೆ ಬಗ್ಗಲ್ಲ. ಲಿವರ್‌ನ ಆಟೋಇಮ್ಯೂನ್ ಹೆಪಟೈಟಿಸ್, ಅಡ್ರಿನಲ್ ಗ್ರಂಥಿಯ ಆಡಿಸನ್ ಕಾಯಿಲೆ, ಕಣ್ಣು ಬಾಯಿ ಒಣಗುವ ಶೋಗ್ರೆನ್ ಇವೂ ಇದೇ ಬಳಗ. ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಸೀಲಿಯಾಕ್ ಜಾಸ್ತಿ. ಒಂದು ಎಚ್ಚರಿಕೆ: ಗೋಧಿ ಬಿಟ್ಟರೆ ಟೈಪ್ 1 ಹೋಗುತ್ತದೆ, ಥೈರಾಯ್ಡ್ ಹೋಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಹೋಗಲ್ಲ. ಇನ್ಸುಲಿನ್, ಮಾತ್ರೆ ನಿಲ್ಲಿಸಬೇಡಿ. ಕರುಳು ಚೇತರಿಸಿಕೊಂಡು ಊಟ ಮೈಗೆ ಹತ್ತೋಕೆ ಶುರುವಾದಾಗ ಇನ್ಸುಲಿನ್ ಜಾಸ್ತಿಯೇ ಬೇಕಾಗಬಹುದು, ನನ್ನ ಮಗಳಿಗೆ ಬೇಕಾಯಿತು.

ಕಾಯಿಲೆ ಖಚಿತ ಆದ ದಿನದಿಂದ ಅಡುಗೆಮನೆ. ಇದಕ್ಕೆ ಔಷಧಿ ಇಲ್ಲ, ಜೀವನ ಪೂರ್ತಿ ಗೋಧಿ, ಬಾರ್ಲಿ, ರೈ ಬಿಡೋದೇ ಮದ್ದು. ಈ ವಿಷಯದಲ್ಲಿ ನಾವು ಪುಣ್ಯವಂತರು. ಮುದ್ದೆ, ಅಕ್ಕಿ ರೊಟ್ಟಿ, ಕಡುಬು, ಒತ್ತು ಶ್ಯಾವಿಗೆ, ಇಡ್ಲಿ, ಹಾಲುಬಾಯಿ, ಹುರಿಹಿಟ್ಟು, ನವಣೆ, ಜೋಳ ಎಲ್ಲ ನಡೆಯುತ್ತದೆ. ಕಷ್ಟ ಇರೋದು ಬೇಕರಿಯಲ್ಲಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬಹಳ ಮಂದಿ ನಮ್ಮ ಹಾಸನ ಜಿಲ್ಲೆಯವರೇ, ಅಂಥ ಊರಿನ ಮಗುವಿಗೆ ಬನ್ನು ಬೇಡ ಅನ್ನೋದು ಸುಲಭ ಅಲ್ಲ.

ಎಷ್ಟು ಕಟ್ಟುನಿಟ್ಟು ಬೇಕು? ಲೆಕ್ಕ ನೋಡಿ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟೆನ್, ಅಂದರೆ 3,000 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಕೆಲವು ತಿಂಗಳು ಹೊಟ್ಟೆಗೆ ಬಿದ್ದರೆ ಕರುಳು ಮತ್ತೆ ಕೆಡುತ್ತದೆ. ಚಪಾತಿಯ ಅರುವತ್ತರಲ್ಲೊಂದು ಪಾಲು! ಹಾಗಾಗಿ "ಒಂದು ಚೂರು ತಿಂದರೆ ಏನಾಗಲ್ಲ" ಅನ್ನೋ ಮಾತು ನಡೆಯಲ್ಲ. ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಅಂತ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ.

ಕಣ್ಣಿಗೆ ಕಾಣದ ಕಡೆ ಗೋಧಿ ಕೂತಿರುತ್ತದೆ. ಮೊದಲನೆಯದು ಇಂಗು. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತದೆ, ತಿರುಗಿಸಿ ಓದಿ. ದಿನಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಡಬ್ಬಿಯನ್ನು ನಾನು ಮೂರು ತಿಂಗಳು ಆದ ಮೇಲೆ ಓದಿದೆ, ಟಿಟಿಜಿ ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಾಗ. ಆಮೇಲೆ ಮಾಲ್ಟ್ ಇರುವ ಹಾಲಿನ ಪುಡಿಗಳು, ಆ ಮಾಲ್ಟ್ ಬಾರ್ಲಿಯದ್ದು. ಉಷ್ಣ ಅಂತ ಕುಡಿಸುವ ಬಾರ್ಲಿ ನೀರು. ಸೋಯಾ ಸಾಸ್, ಅಂದರೆ ಗೋಬಿ ಮಂಚೂರಿ, ಅದರ ಹಿಟ್ಟಿನಲ್ಲೂ ಮೈದಾ. ಕೋಡುಬಳೆ, ನಿಪ್ಪಟ್ಟಿಗೆ ಹಾಕುವ ಚಿರೋಟಿ ರವೆ. ದೇವಸ್ಥಾನದ ಸಜ್ಜಿಗೆ ಪ್ರಸಾದ, ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡೋದು. ನಾಟಿ ಗೋಧಿ, ಖಪ್ಲಿ ಗೋಧಿ, ಸಾವಯವ ಗೋಧಿ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಗೋಧಿ ಗೋಧಿಯೇ.

ಎಲ್ಲಕ್ಕಿಂತ ದೊಡ್ಡದು ಹಿಟ್ಟಿನ ಮಿಲ್ಲು. ರಾಗಿ ತೊಳೆದು ಒಣಗಿಸಿ ಚೀಲ ಹಿಡಿದು ಹೋಗುತ್ತೇವೆ, ನಮಗಿಂತ ಮುಂಚೆ ಯಾರೋ ಐದು ಕಿಲೋ ಗೋಧಿ ಹಾಕಿಸಿರುತ್ತಾರೆ. ಹಿಟ್ಟು ಬೀಳುವ ಬಾಯಿಗೆ ಒಂದು ಬಟ್ಟೆಯ ತೋಳು ಕಟ್ಟಿರುತ್ತಾರೆ ನೋಡಿ. ಒಂದು ದಿನ ಮಿಲ್ಲಿನ ಅಣ್ಣನನ್ನು ಕೇಳಿ ಅದನ್ನು ಬಿಚ್ಚಿಸಿ ಕಾಗದದ ಮೇಲೆ ಒದರಿಸಿದೆ. ಒಂದು ಹಿಡಿ ಬಿಳಿ ಹಿಟ್ಟು ಉದುರಿತು. ಅದಾದ ಮೇಲೆ ಅವರೇ, "ರಾಗಿ ಅಕ್ಕಿ ಬಿಟ್ಟು ಬೇರೆ ಹಾಕದ ಮಿಲ್ಲು ನೋಡ್ಕಳಿ ಅಕ್ಕಾ, ನಂಗೂ ಪಾಪ ಬೇಡ" ಅಂದರು. ಹಳ್ಳಿ ಕಡೆ ಅಂಥದು ಸಿಗುತ್ತದೆ. ಇಲ್ಲದಿದ್ದರೆ ಮನೆಗೆ ಪುಟ್ಟ ಮಿಲ್ಲು ತಂದುಕೊಳ್ಳಿ.

ಹೋಟೆಲಿನಲ್ಲಿ ಇಡ್ಲಿ ಕೇಳಿ, ಅದು ರವೆ ಇಡ್ಲಿ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ದೋಸೆ ಹಿಟ್ಟಿಗೆ ರವೆ ಮೈದಾ ಸೇರಿಸುವವರಿದ್ದಾರೆ, ಉದ್ದಿನ ವಡೆ ಕರಿಯುವ ಎಣ್ಣೆಯಲ್ಲೇ ಪೂರಿಯೂ ಬೆಂದಿರುತ್ತದೆ. ಮದುವೆಗೆ ಹೋದರೆ ಎಲೆಯ ಮೇಲೆ ಅನ್ನ, ಮಜ್ಜಿಗೆ, ಕೋಸಂಬರಿ ಹಾಕಿಸಿಕೊಂಡು, ಮನೆಯ ಪಲ್ಯದ ಡಬ್ಬಿ ಬಿಚ್ಚೋದು. ಮೊದಲೆರಡು ಮದುವೆಯಲ್ಲಿ ಎಲ್ಲರೂ ನೋಡುತ್ತಾರೆ, ಮೂರನೆಯದರಲ್ಲಿ ಯಾರೂ ನೋಡಲ್ಲ.

ಆಮೇಲೆ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಟಿಟಿಜಿ. ಅದು ಇಳಿದು ನಾರ್ಮಲ್ ಆಗಲು ಒಂದೆರಡು ವರ್ಷ ಹಿಡಿಯಬಹುದು. ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಟಿಎಸ್‌ಎಚ್, ದೊಡ್ಡವರಿಗೆ ಮೂಳೆ ಗಟ್ಟಿತನದ ಸ್ಕ್ಯಾನ್. ನಾದಿನಿಯ ಹಿಮೋಗ್ಲೋಬಿನ್ ಈಗ 12. ಮಗಳ ಹೋದ ವರ್ಷದ ಯೂನಿಫಾರ್ಮ್ ಗಿಡ್ಡ ಆಗಿದೆ.

ಮಗನಿಗೆ ಏಳು ವರ್ಷ. ಅವನಿಗೆ ಡಿಕ್ಯೂ2 ಇದೆ, ಟಿಟಿಜಿ ನಾರ್ಮಲ್, ಮುಂದಿನ ಪರೀಕ್ಷೆ ಹಾಸನಾಂಬೆ ಬಾಗಿಲು ಹಾಕಿದ ಮೇಲೆ ದೀಪಾವಳಿ ಕಳೆದು. ಅಲ್ಲಿಯವರೆಗೆ ಅವನಿಗೆ ಗೋಧಿ ಬಿಡಿಸುವ ಹಾಗಿಲ್ಲ. ಅವನ ಚಪಾತಿಗೆ ಮಣೆ ಬೇರೆ, ಲಟ್ಟಣಿಗೆ ಬೇರೆ, ಹಿಡಿಗೆ ಕೆಂಪು ದಾರ ಸುತ್ತಿದ ಹೆಂಚು ಬೇರೆ. ಮೊದಲು ಅಕ್ಕನ ರೊಟ್ಟಿ ತಟ್ಟಿ, ಬೇಯಿಸಿ, ಮುಚ್ಚಿಟ್ಟು, ಆಮೇಲೆ ಇವನ ಹಿಟ್ಟಿಗೆ ಕೈ ಹಾಕೋದು. ಈ ಕ್ರಮ ತಪ್ಪದ ಹಾಗೆ ಈಗ ಕಾವಲು ಕೂರೋದು ನಮ್ಮತ್ತೆ.